ಎಚ್‌ಐವಿ ಸೋಂಕಿತರಿಗೆ ಕ್ಯಾನ್ಸರ್ ತಪಾಸಣೆ ಏಕೆ ಅಗತ್ಯ?



ಎಚ್‌ಐವಿ ಎಂದರೆ ಮರಣವೆಂದು ಭಾವಿಸುತ್ತಿದ್ದ ಕಾಲವೊಂದಿತ್ತು. 2004ರಿಂದ ಸರ್ಕಾರವು ಎಆರ್‌ಟಿ ಔಷಧವನ್ನು ಉಚಿತವಾಗಿ ನೀಡುತ್ತಿದೆ. ಅದನ್ನು ತಪ್ಪದೆ ಸೇವಿಸುವವರು ಇಂದು ದುಡಿದು, ಸಂಸಾರ ನಡೆಸಿ, ವೃದ್ಧಾಪ್ಯವನ್ನೂ ಕಾಣುತ್ತಿದ್ದಾರೆ. ಆಯುಷ್ಯ ಹೆಚ್ಚಿದಂತೆ ಅವರು ಕ್ಯಾನ್ಸರ್ ಕುರಿತೂ ಎಚ್ಚರ ವಹಿಸಬೇಕಾಗಿದೆ.

ಎಚ್‌ಐವಿಯು ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಹಾಗೆ ಕಾವಲು ಸಡಿಲಗೊಂಡಾಗ ಕ್ಯಾನ್ಸರ್‌ಕಾರಕವಾದ ಬೇರೆ ವೈರಾಣುಗಳು ಬಲಗೊಳ್ಳುತ್ತವೆ. ಎಚ್‌ಪಿವಿ ವೈರಾಣುವಿನಿಂದ ಗರ್ಭಕಂಠದ ಕ್ಯಾನ್ಸರ್, ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳಿಂದ ಯಕೃತ್ತಿನ ಕ್ಯಾನ್ಸರ್ ಉಂಟಾಗಬಹುದು. ದುಗ್ಧಗ್ರಂಥಿಗಳ ಕೆಲವು ಕ್ಯಾನ್ಸರ್‌ಗಳೂ ಸೋಂಕಿತರಲ್ಲಿ ಅಧಿಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎಚ್‌ಐವಿ ಇರುವ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಸಂಭವ ಇತರರಿಗಿಂತ ಆರು ಪಟ್ಟು ಹೆಚ್ಚು. ಆದುದರಿಂದ ಇವರು 25ನೇ ವಯಸ್ಸಿನಿಂದಲೇ, 3ರಿಂದ 5 ವರ್ಷಗಳಿಗೊಮ್ಮೆ ತಪಾಸಣೆಗೆ ಒಳಗಾಗಬೇಕೆಂದು ಆ ಸಂಸ್ಥೆ ಸೂಚಿಸಿದೆ. ಈ ಕ್ಯಾನ್ಸರ್ ಬಲಿಯಲು ವರ್ಷಗಳೇ ಬೇಕು. ನೋವು ಕಾಣುವ ಮೊದಲೇ ಪತ್ತೆಯಾದರೆ ಸಣ್ಣ ಚಿಕಿತ್ಸೆಯಿಂದಲೇ ತಡೆಯಬಹುದು.

ತಂಬಾಕು ಈ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮಳೆ-ಚಳಿಯಲ್ಲಿ ದುಡಿಯುವವರಿಗೆ ಬೀಡಿ, ಎಲೆಯಡಿಕೆಯೊಡನೆ ಹೊಗೆಸೊಪ್ಪು ಆಸರೆಯೆನಿಸಬಹುದು. ಆದರೆ ಬಾಯಿ ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗೆ ಅವೇ ದಾರಿ. ಬಾಯಲ್ಲಿ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಕರಗದ ಗಂಟು, ಅಕಾಲಿಕ ರಕ್ತಸ್ರಾವ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮಲ್ಲಂದೂರು ಸೀಮೆಯ ತೋಟಗಳಲ್ಲಿ ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ದಿನದ ಕೂಲಿ ಬಿಡುವುದೂ ಕಷ್ಟವೆಂಬುದನ್ನು ನಾವು ಬಲ್ಲೆವು. ಎಆರ್‌ಟಿ ಔಷಧಕ್ಕೆಂದು ಚಿಕ್ಕಮಗಳೂರಿಗೆ ಹೋಗುವ ದಿನವೇ ತಪಾಸಣೆಯನ್ನೂ ಕೇಳಿ ಮಾಡಿಸಿಕೊಂಡರೆ ಎರಡನೆಯ ಪಯಣ ತಪ್ಪಬಹುದು. ತೋಟದ ಮಾಲೀಕರಲ್ಲಿ ನಮ್ಮ ವಿನಂತಿ ಇಷ್ಟೇ: ಆಸ್ಪತ್ರೆಗೆ ಹೊರಟವರನ್ನು ಕಾರಣ ಕೆದಕದೆ ಕಳುಹಿಸಿಕೊಡಿ, ಸಾಧ್ಯವಾದರೆ ಆ ದಿನದ ಕೂಲಿಯನ್ನೂ ಕೊಡಿ.

ಹೆಸರು ಬಯಲಾದೀತೆಂಬ ಅಂಜಿಕೆಯೇ ಅನೇಕರನ್ನು ಆಸ್ಪತ್ರೆಯಿಂದ ದೂರವಿರಿಸುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸೋಂಕಿತರ ಗುಟ್ಟನ್ನು ಅದು ಕಾಯುತ್ತದೆ. ಉದ್ಯೋಗದಲ್ಲಿ, ಚಿಕಿತ್ಸೆಯಲ್ಲಿ ಭೇದ ಮಾಡುವುದನ್ನು ನಿಷೇಧಿಸುತ್ತದೆ. ಹೆಚ್ಚಿನ ಮಾಹಿತಿಗೆ 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಕಾಯವಿದ್ದರೆ ತಾನೆ ಕಾಯಕ? ಸೋಂಕಿತರನ್ನು ನಮ್ಮವರೆಂದು ಬಗೆದು, ತಪಾಸಣೆಗೆ ಜೊತೆಯಾಗಿ ಹೋಗಿಬರುವುದೂ ದಾಸೋಹವೇ ಎಂದು ನಾವು ಭಾವಿಸುತ್ತೇವೆ.