ತುಪ್ಪ ತೆಗೆಯುವ ಯಂತ್ರ: ಎರಡು ಪೆಟ್ಟಿಗೆಯವರಿಗೆ ಯಾವುದು ಸಾಕು?

ನಮ್ಮದು ಚಿಕ್ಕನಾಯಕನಹಳ್ಳಿ ತಾಲೂಕಿನ ಒಣಭೂಮಿ. ಮಳೆ ಬಂದರೆ ರಾಗಿ, ಅದರೊಳಗೆ ಅಕ್ಕಡಿಯಾಗಿ ಅವರೆ, ತೊಗರಿ, ಹುಚ್ಚೆಳ್ಳು. ಬದುವಿನಲ್ಲಿ ಹೊಂಗೆ, ಹುಣಸೆ, ಬೇವು. ಈ ಹೂವುಗಳನ್ನು ನಂಬಿ ಎರಡು ಪೆಟ್ಟಿಗೆ ತುಡುವೆ ಜೇನು ಇಟ್ಟಿದ್ದೇನೆ. ನನ್ನಂಥವರು ಕೇಳುವುದು ಒಂದೇ: "ತುಪ್ಪ ತೆಗೆಯೋಕೆ ಯಂತ್ರ ಬೇಕಾ? ಬೇಕಾದರೆ ಯಾವುದು?" ಕೈ ಸುಟ್ಟುಕೊಂಡು ಕಲಿತದ್ದನ್ನು ಹೇಳುತ್ತೇನೆ.

ಹಿಂಡಿದರೆ ನಷ್ಟವೇನು?

ಮೊದಲ ವರ್ಷ ಎರಿ ಕೊಯ್ದು ಬಟ್ಟೆಯಲ್ಲಿ ಹಿಂಡಿದೆ. ಖರ್ಚಿಲ್ಲ ಅಂತ ಖುಷಿಯೋ ಖುಷಿ. ಆದರೆ ಒಂದು ಕೆಜಿ ಮೇಣ ಮಾಡಲು ಜೇನುಗಳು ಆರೇಳು ಕೆಜಿ ತುಪ್ಪ ತಿನ್ನುತ್ತವೆ ಅನ್ನುವುದು ತಿಳಿದವರ ಲೆಕ್ಕ. ಅವು ಮತ್ತೆ ಎರಿ ಕಟ್ಟಿ ಮುಗಿಸುವಷ್ಟರಲ್ಲಿ ಹೊಂಗೆ ಹೂವೆಲ್ಲ ಉದುರಿತ್ತು.

ಕೈಯಲ್ಲಿ ತಿರುಗಿಸುವ ಯಂತ್ರ

ಇದು ಹೊಸದೇನಲ್ಲ. ತುಪ್ಪವನ್ನು ಗಿರ್ರನೆ ತಿರುಗಿಸಿ ತೆಗೆಯುವ ಉಪಾಯವನ್ನು 1865ರಲ್ಲೇ ಹ್ರುಶ್ಕಾ ಎಂಬವರು ಕಂಡುಹಿಡಿದರು. ಎರಿಯ ಮುಚ್ಚಳವನ್ನು ಬಿಸಿನೀರಿಗೆ ಅದ್ದಿದ ಚಾಕುವಿನಿಂದ ಕೊಯ್ದು, ಚೌಕಟ್ಟನ್ನು ಒಳಗಿನ ಜಾಲರಿಗೆ ಒರಗಿಸಿ ತಿರುಗಿಸಬೇಕು. ತುಪ್ಪ ಗೋಡೆಗೆ ಚಿಮ್ಮಿ ಕೆಳಗಿಳಿಯುತ್ತದೆ. ಎರಿ ಹಾಗೇ ಉಳಿಯುತ್ತದೆ, ವಾಪಸ್ ಪೆಟ್ಟಿಗೆಗೆ ಇಟ್ಟರಾಯಿತು. ಯಂತ್ರದ ನಿಜವಾದ ಲಾಭ ಇದೇ.

ನಾವು ನಾಲ್ಕು ಮನೆಯವರು ತಲಾ 1,200 ರೂಪಾಯಿ ಹಾಕಿ ಎರಡು ಚೌಕಟ್ಟಿನ ಸ್ಟೀಲ್ ಯಂತ್ರ ತಂದೆವು. ಕೊಳ್ಳುವಾಗ ಮೂರು ವಿಷಯ ನೋಡಿ. ತುಪ್ಪದಲ್ಲಿ ಹುಳಿಯ ಗುಣ ಇದೆ, ಆದ್ದರಿಂದ ಸತುವಿನ ತಗಡು ಬೇಡ, ಸ್ಟೀಲೇ ಇರಲಿ. ಪೆಟ್ಟಿಗೆಗಳ ಅಳತೆ ಒಂದೇ ಥರ ಇರುವುದಿಲ್ಲ, ನಿಮ್ಮ ಚೌಕಟ್ಟನ್ನು ಅಂಗಡಿಗೇ ಒಯ್ದು ಕೂರಿಸಿ ನೋಡಿ. ಮೂರನೆಯದು, ಹಿಡಿ ನಿಧಾನಕ್ಕೂ ಸಲೀಸಾಗಿ ತಿರುಗಬೇಕು. ಒಂದು ಬದಿ ಅರ್ಧ ತೆಗೆದು, ತಿರುವಿ ಹಾಕಿ ಇನ್ನೊಂದು ಬದಿ ಪೂರ್ತಿ ತೆಗೆದು, ಮತ್ತೆ ಮೊದಲಿನದನ್ನು ಮುಗಿಸಬೇಕು. ಒಮ್ಮೆಗೇ ಜೋರು ಮಾಡಿದರೆ ಹೊಸ ಎರಿ ಮುರಿದು ಬೀಳುತ್ತದೆ. ಎರಡು ಪೆಟ್ಟಿಗೆಗೆ ಮೋಟಾರಿನ ಯಂತ್ರ ದಂಡ.

ನಲ್ಲಿ ಪೆಟ್ಟಿಗೆ

2015ರಲ್ಲಿ ಆಸ್ಟ್ರೇಲಿಯದ ಅಪ್ಪ-ಮಗ ಹೊಸ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ತಂದರು. ಹೆಸರು ಫ್ಲೋ ಹೈವ್. ಕೀಲಿ ತಿರುಗಿಸಿದರೆ ಪ್ಲಾಸ್ಟಿಕ್ ಎರಿಯ ಕೋಶಗಳು ಸರಿದು, ತುಪ್ಪ ಕೊಳವೆಯಲ್ಲಿ ಸೀಸೆಗೆ ಇಳಿಯುತ್ತದೆ. ಕೇಳಲು ಸೊಗಸು. ಆದರೆ ಅದನ್ನು ಮಾಡಿದ್ದು ದೊಡ್ಡ ಗಾತ್ರದ ಯುರೋಪಿನ ಜೇನಿಗೆ. ನಮ್ಮ ತುಡುವೆ ಸಣ್ಣದು, ಅದು ಕಟ್ಟುವ ಕೋಶವೂ ಸಣ್ಣದು. ಬೆಲೆಯೋ, ನಮ್ಮ ಯಂತ್ರದ ಹಲವು ಪಟ್ಟು. ಅದನ್ನು ಇಟ್ಟರೂ ಮರಿ, ರೋಗ ನೋಡಲು ಪೆಟ್ಟಿಗೆ ಬಿಚ್ಚಲೇಬೇಕು.

ನಾನು ಮಾಡಿದ ತಪ್ಪು

ಯಂತ್ರ ಬಂದ ವರ್ಷ ಹುಣಸೆ ಹೂವು ಮುಗಿಯುತ್ತಿದ್ದಂತೆ ಮೇಲಿನ ಕೋಣೆಯ ಚೌಕಟ್ಟನ್ನೆಲ್ಲ ತಿರುಗಿಸಿ ಖಾಲಿ ಮಾಡಿದೆ. ಕೆಲಸ ಸುಲಭವಾಯಿತಲ್ಲ, ಆಸೆಯೂ ಹೆಚ್ಚಿತು. ಆಷಾಢದ ಗಾಳಿಯಲ್ಲಿ ಹೂವಿಲ್ಲ, ಪೆಟ್ಟಿಗೆಯಲ್ಲಿ ಹಿಡಿ ತುಪ್ಪವಿಲ್ಲ. ಎರಡೂ ಕುಟುಂಬ ಹಾರಿಹೋದವು. ಮನೆಯವಳು ಅಂದಳು: "ಹಸು ಕರೆಯೋವಾಗ ಕರುವಿಗೆ ಒಂದು ಮೊಲೆ ಬಿಡ್ತೀರಿ. ಇವಕ್ಕೆ ಯಾಕೆ ಬಿಡಲಿಲ್ಲ?" ನನ್ನಲ್ಲಿ ಉತ್ತರ ಇರಲಿಲ್ಲ. ಹುಚ್ಚೆಳ್ಳು ಕಾಳು ಕಟ್ಟಲು ಜೇನು ಬೇಕೇ ಬೇಕು. ಆ ವರ್ಷ ನನ್ನ ಹೊಲದಲ್ಲಿ ಜೊಳ್ಳೇ ಹೆಚ್ಚು.

ಈಗ ನನ್ನ ಪದ್ಧತಿ ಹೀಗಿದೆ. ಮುಕ್ಕಾಲು ಪಾಲು ಮುಚ್ಚಳ ಬಿದ್ದ ಎರಿಯನ್ನು ಮಾತ್ರ ತೆಗೆಯುತ್ತೇನೆ, ಹಸಿ ತುಪ್ಪ ಹುಳಿಯುತ್ತದೆ. ಮರಿ ಇರುವ ಎರಿ ಯಂತ್ರಕ್ಕೆ ಹಾಕುವುದಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ತಿರುಗಿಸುತ್ತೇನೆ, ಇಲ್ಲದಿದ್ದರೆ ಜೇನು ಮುತ್ತಿಕೊಳ್ಳುತ್ತವೆ. ಮಳೆಗಾಲಕ್ಕೆ ಮುಂಚೆ ಎರಡು ಚೌಕಟ್ಟು ಅವಕ್ಕೇ ಬಿಡುತ್ತೇನೆ. ಸಾಲದಿದ್ದರೆ ಸಕ್ಕರೆ ಪಾಕ ಇಡುತ್ತೇನೆ.

ಒಬ್ಬೊಬ್ಬರೇ ಯಂತ್ರ ಕೊಳ್ಳಬೇಡಿ. ವರ್ಷದಲ್ಲಿ ಅದಕ್ಕೆ ಕೆಲಸ ಮೂರು ನಾಲ್ಕು ದಿನ ಮಾತ್ರ. ಅಕ್ಕಪಕ್ಕದವರು ಸೇರಿ ಒಂದು ತಂದುಕೊಳ್ಳಿ. ಎಷ್ಟು ತೆಗೆಯಬೇಕು ಅನ್ನುವುದನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ.