ಚಳಿಗೆ ಮೊಂಡು ಹಿಡಿಯುವ ಹಳೇ ಮಿಲಿಟರಿ ಗಾಡಿ: ಕೊಳ್ಳುವ ಮುಂಚೆ, ಸೆಲ್ಫ್ ಹೊಡೆಯುವ ಮುಂಚೆ ಇದು ತಿಳಿದಿರಲಿ

ಗುಂಡ್ಲುಪೇಟೆ: ಬಂಡೀಪುರದ ಗೇಟ್ ತೆಗೆಯೋದು ಬೆಳಗ್ಗೆ 6ಕ್ಕೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಕಾಡಿನ ರಸ್ತೆಯಲ್ಲಿ ಸಂಚಾರ ನಿಷೇಧ ಶುರುವಾಗಿದ್ದು 2009ರಲ್ಲಿ. ಅಂದಿನಿಂದ ಕೇರಳ ಕಡೆಯ ಗಾಡಿಗಳು ಮದ್ದೂರು ಚೆಕ್‌ಪೋಸ್ಟ್ ಮುಂದೆ, ಊಟಿ ಕಡೆಯವು ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಮುಂದೆ ಕತ್ತಲಲ್ಲೇ ಸಾಲು ನಿಲ್ಲುತ್ತವೆ. ಡಿಸೆಂಬರ್, ಜನವರಿ ಚಳಿಯಲ್ಲಿ ರಾತ್ರಿಯಿಡೀ ಆಫ್ ಆಗಿದ್ದ ಹಳೇ ಇಂಜಿನ್ ಆರು ಗಂಟೆಗೆ ಸರಿಯಾಗಿ ಕೈ ಕೊಟ್ಟರೆ ಹಿಂದಿನವರ ಹಾರ್ನ್ ಶುರು. ಟೊಮೆಟೊ, ಕೋಸು ತುಂಬಿದ ಗಾಡಿಯಾದರೆ ಅವತ್ತಿನ ಮಾರ್ಕೆಟ್ ರೇಟೂ ಹೋದಂಗೆ.

ಎಲ್ಲಾ ಹಳೇ ಡೀಸೆಲ್ ಗಾಡಿಗಳಿಗೂ ಈ ಕಾಟ ಇದೆ. ಆದರೆ ‘ಮಿಲಿಟರಿ ಡಿಸ್ಪೋಸಲ್’ ಲಾರಿ, ಜೀಪು ಇಟ್ಟುಕೊಂಡವರಿಗೆ ಸ್ವಲ್ಪ ಜಾಸ್ತಿ. ದಪ್ಪ ಛಾಸಿ, ನಾಲ್ಕೂ ಚಕ್ರಕ್ಕೆ ಎಳೆತ, ಕೆಸರಲ್ಲೂ ಹೋಗುತ್ತೆ ಅಂತ ಜನ ಇವನ್ನು ಇಷ್ಟಪಡ್ತಾರೆ. ‘ಮಿಲಿಟರಿ ಗಾಡಿ, ಏನೂ ಆಗಲ್ಲ’ ಅನ್ನೋ ಮಾತು ಮಾತ್ರ ಅರ್ಧ ಸತ್ಯ. ಸೈನ್ಯದಲ್ಲಿ ದಿನಾ ಬೆಳಗ್ಗೆ ಅದನ್ನು ನೋಡಿಕೊಳ್ಳೋಕೆ ಆಳು ಇರ್ತಾರೆ. ಇಲ್ಲಿ ಮಾಲೀಕನೇ ನೋಡಬೇಕು.

ಯಾವ ಗಾಡಿಗಳು ಇವು?

ಹಳಬರಿಗೆಲ್ಲ ಗೊತ್ತಿರೋದು ಶಕ್ತಿಮಾನ್ ಲಾರಿ. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್ ಪಡೆದು ಮಧ್ಯಪ್ರದೇಶದ ಜಬಲ್ಪುರದಲ್ಲಿ 1959ರಿಂದ ತಯಾರಾಗಿದ್ದು. ಇದು ಡೀಸೆಲ್. ಇನ್ನೊಂದು ಜೋಂಗಾ. ನಿಸ್ಸಾನ್ ಪ್ಯಾಟ್ರೋಲ್ ಜೀಪಿನ ಮಾದರಿಯಲ್ಲಿ ಜಬಲ್ಪುರದಲ್ಲೇ ಆಗಿದ್ದು, ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್ ಇಂಜಿನ್. ಆಮೇಲೆ ಬಂದಿದ್ದು ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್. ಶಕ್ತಿಮಾನ್, ಜೋಂಗಾ ಎರಡರ ತಯಾರಿಕೆಯೂ ನಿಂತು ದಶಕಗಳೇ ಆಗಿವೆ. ಹಾಗಾಗಿ ಸ್ಪೇರ್ ಸಿಗುತ್ತಾ ಅಂತ ಮೊದಲೇ ವಿಚಾರಿಸಬೇಕು.

ಚಳಿಗೆ ಯಾಕೆ ಸ್ಟಾರ್ಟ್ ಆಗಲ್ಲ?

ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಹೊಡೆಯೋ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು 16ರಿಂದ 20 ಪಟ್ಟು ಒತ್ತುತ್ತೆ, ಆ ಒತ್ತಡಕ್ಕೇ ಗಾಳಿ 500 ಡಿಗ್ರಿ ದಾಟಿ ಬಿಸಿಯಾಗುತ್ತೆ, ಅದಕ್ಕೆ ಡೀಸೆಲ್ ತಾನಾಗೇ ಹೊತ್ತಿಕೊಳ್ಳುತ್ತೆ. ಬ್ಲಾಕ್ ತಣ್ಣಗಿದ್ದರೆ ಆ ಬಿಸಿಯನ್ನು ಕಬ್ಬಿಣವೇ ಕುಡಿದುಬಿಡುತ್ತೆ. ರಿಂಗ್ ಸವೆದ ಹಳೇ ಇಂಜಿನ್‌ನಲ್ಲಿ ಗಾಳಿಯೂ ಸೋರಿ ಒತ್ತಡ ಕಮ್ಮಿಯಾಗುತ್ತೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬಂದು ಇಂಜಿನ್ ಹಿಡಿಯದಿದ್ದರೆ ಡೀಸೆಲ್ ಉರಿಯದೇ ಹೊರಗೆ ಬರ್ತಿದೆ ಅಂತ ಅರ್ಥ.

ಎರಡನೇದು ಬ್ಯಾಟರಿ. ಸೊನ್ನೆ ಡಿಗ್ರಿ ಹತ್ತಿರ ಹೋದಾಗ ಲೆಡ್ ಆಸಿಡ್ ಬ್ಯಾಟರಿಯ ತಾಕತ್ತು ಸುಮಾರು ಮೂರನೇ ಒಂದು ಭಾಗ ಇಳಿಯುತ್ತೆ. ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಿಸೋಕೆ ಕರೆಂಟು ಜಾಸ್ತಿ ಬೇಕಾಗುತ್ತೆ. ಅಂದರೆ ಕೊಡೋದು ಕಮ್ಮಿ, ಕೇಳೋದು ಜಾಸ್ತಿ.

ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ವೈರಿಂಗ್. 12 ವೋಲ್ಟಿನ ಎರಡು ಬ್ಯಾಟರಿ ಒಂದರ ಹಿಂದೆ ಒಂದು ಜೋಡಿಸಿರ್ತಾರೆ. ಹಾಡು ಕೇಳೋಕೆ ಸ್ಟೀರಿಯೋಗೆ ಒಂದೇ ಬ್ಯಾಟರಿಯಿಂದ ಕನೆಕ್ಷನ್ ಎಳೆದರೆ ಅದು ಬೇಗ ಇಳಿದು ಇನ್ನೊಂದನ್ನೂ ಕೆಡಿಸುತ್ತೆ. ಬದಲಾಯಿಸೋದಾದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಆಸಿಡ್ ಡೆನ್ಸಿಟಿ 1.26ರ ಮೇಲಿದ್ದರೆ ಸರಿ, 1.20ಕ್ಕೆ ಇಳಿದಿದ್ದರೆ ಚಾರ್ಜ್‌ಗೆ ಹಾಕಿ.

ಗುಂಡ್ಲುಪೇಟೆ ಚಳಿ ಬೇರೆ, ಊಟಿ ಚಳಿ ಬೇರೆ

ನಮ್ಮ ತಾಲ್ಲೂಕಿನ ಚಳಿಗೆ ಡೀಸೆಲ್ ಹೆಪ್ಪುಗಟ್ಟಲ್ಲ. ಇಲ್ಲಿ ಸ್ಟಾರ್ಟ್ ಆಗದಿದ್ದರೆ ತಪ್ಪು ಬ್ಯಾಟರಿ, ಹೀಟರ್ ಪ್ಲಗ್, ಇಲ್ಲವೇ ಪೈಪಿನಲ್ಲಿ ಹೊಕ್ಕ ಗಾಳಿಯದ್ದು. ಹಳೇ ವಾಷರ್, ಬಿರುಕು ಬಿಟ್ಟ ಹೋಸ್ ಇದ್ದರೆ ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದು ಆ ಜಾಗಕ್ಕೆ ಗಾಳಿ ಸೇರುತ್ತೆ. ಸುಮ್ಮನೆ ಸೆಲ್ಫ್ ಹೊಡೆಯೋ ಬದಲು ಕೈ ಪಂಪ್ ಒತ್ತಿ ಏರ್ ತೆಗೀಬೇಕು.

ಊಟಿ ಇರೋದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ಜನವರಿಯಲ್ಲಿ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕೂರುತ್ತೆ. ರಾತ್ರಿ ಅಲ್ಲಿ ಗಾಡಿ ನಿಲ್ಲಿಸುವವರು ಎರಡು ವಿಷಯ ನೋಡ್ಕೋಬೇಕು.

ಒಂದು, ಡೀಸೆಲ್. ನಮ್ಮ ದೇಶದ ಮಾನದಂಡದ ಪ್ರಕಾರ ನವೆಂಬರ್‌ನಿಂದ ಫೆಬ್ರವರಿವರೆಗೆ ಮಾರುವ ಡೀಸೆಲ್ 3 ಡಿಗ್ರಿವರೆಗೂ ಹರಿಯುವಂತಿರಬೇಕು. ಉಳಿದ ತಿಂಗಳ ಡೀಸೆಲ್‌ಗೆ ಆ ಮಿತಿ 15 ಡಿಗ್ರಿ. ಬೇಸಿಗೆಯಲ್ಲಿ ತಂದು ಡ್ರಮ್‌ನಲ್ಲಿಟ್ಟ ಡೀಸೆಲ್ ಹಾಕಿಕೊಂಡು ಊಟಿಗೆ ಹೋದರೆ ಅದರ ಮೇಣದ ಅಂಶ ಫಿಲ್ಟರ್ ಕಟ್ಟಿಹಾಕಬಹುದು. ಘಾಟಿ ಹತ್ತುವ ಮುಂಚೆ ಬಂಕಿನಲ್ಲಿ ಹೊಸದು ಹಾಕಿಸೋದು ಒಳ್ಳೇದು. ಲಡಾಖ್‌ನಂಥ ಕಡೆ ಇದೇ ತೊಂದರೆ ಎಷ್ಟು ದೊಡ್ಡದಂದರೆ, ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಬೇರೆ ಡೀಸೆಲನ್ನೇ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಅಲ್ಲಿಗೆ ತಂದಿತು.

ಎರಡು, ರೇಡಿಯೇಟರ್. ಬರೀ ನಲ್ಲಿ ನೀರು ಹಾಕಿದ್ದರೆ ಅದು ಗಟ್ಟಿಯಾಗಿ ಹಿಗ್ಗಿ ರೇಡಿಯೇಟರ್, ಬ್ಲಾಕ್ ಸೀಳಬಹುದು. ಕೂಲೆಂಟ್ ಬೆರೆಸಿದರೆ ಆ ಭಯ ಇಲ್ಲ, ತುಕ್ಕೂ ಕಮ್ಮಿ.

ಜೋಂಗಾದಂಥ ಪೆಟ್ರೋಲ್ ಗಾಡಿಗೆ ಚಳಿಯಲ್ಲಿ ಚೋಕ್ ಬೇಕು. ಆದರೆ ಎತ್ತರದಲ್ಲಿ ಗಾಳಿ ತೆಳು, ಪೆಟ್ರೋಲ್ ಮೊದಲೇ ಜಾಸ್ತಿ ಆಗಿರುತ್ತೆ. ಇಂಜಿನ್ ಹಿಡಿದ ತಕ್ಷಣ ಚೋಕ್ ಒಳಗೆ ತಳ್ಳಿ.

ಬೆಳಗ್ಗೆ ಏನು ಮಾಡಬೇಕು?

- ಹೀಟರ್ ಲೈಟ್ ಆರಿದ ಮೇಲೆ ಸೆಲ್ಫ್ ಹೊಡೀರಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು, ಮಧ್ಯೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸ್ಟಾರ್ಟರ್ ಸುಡುತ್ತೆ.
- ಚೇಂಬರ್ ಕೆಳಗೆ ಬೆಂಕಿ ಹಾಕಬೇಡಿ. ಆಯಿಲ್, ಡೀಸೆಲ್ ಸೋರಿಕೆ ಇರುವ ಹಳೇ ಗಾಡಿಗೆ ಅದು ಚಿತೆ ಹಚ್ಚಿದಂಗೆ.
- ಹೀಟರ್ ಇರುವ ಇಂಜಿನ್‌ಗೆ ಈಥರ್ ಸ್ಪ್ರೇ ಹೊಡೀಬೇಡಿ, ಒಳಗೇ ಸಿಡಿಯಬಹುದು.
- ಬಾಗಿಲು ಹಾಕಿದ ಶೆಡ್‌ನಲ್ಲಿ ಇಂಜಿನ್ ಓಡಿಸಿಟ್ಟು ಕೂರಬೇಡಿ. ಹೊಗೆ ಜೀವ ತೆಗೆಯುತ್ತೆ.
- ಏರ್ ಬ್ರೇಕ್ ಇದ್ದರೆ ಟ್ಯಾಂಕಿನ ನೀರು ದಿನಾ ಬಿಡಿ. ಘಾಟಿ ಇಳಿಯುವಾಗ ಬ್ರೇಕ್ ಕೈ ಕೊಡಬಾರದು.

ಕಾಗದ ಮೊದಲು, ದುಡ್ಡು ಆಮೇಲೆ

ಸೈನ್ಯದ ಹಳೇ ವಾಹನಗಳು ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ಆನ್‌ಲೈನ್ ಹರಾಜಿಗೆ ಬರ್ತವೆ. ಸೈನ್ಯದ ನಂಬರು ಹೊರಗೆ ನಡೆಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ, ವಾಹನ ಸೈನ್ಯದ ಕೈ ಬಿಟ್ಟ ಮೇಲೆ ಸಾಮಾನ್ಯ ನೋಂದಣಿಯೇ ಆಗಬೇಕು. ನಮ್ಮ ಜಿಲ್ಲೆಯವರಾದರೆ ಚಾಮರಾಜನಗರ ಆರ್‌ಟಿಒದಲ್ಲಿ ಕೆಎ-10 ನಂಬರು ತಗೋಬೇಕು. ಗುಜರಿ ಅಂತ ಮಾರಿದ ಗಾಡಿಗೆ ನಂಬರ್ ಸಿಗಲ್ಲ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯೇ ನವೀಕರಣ ಆಗಲ್ಲ. ಸೈನ್ಯದ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಹಾಗಾಗಿ ‘ಮೊನ್ನೆ ತಾನೆ ಹರಾಜಲ್ಲಿ ತಂದಿದ್ದು, ನಂಬರ್ ಮಾಡಿಸಿಕೊಡ್ತೀನಿ’ ಅನ್ನುವವರ ಮಾತು ನಂಬಿ ಅಡ್ವಾನ್ಸ್ ಕೊಡಬೇಡಿ. ಕಾಗದದ ನಕಲು ತಗೊಂಡು ಆರ್‌ಟಿಒದಲ್ಲಿ ಮೊದಲೇ ಕೇಳಿ. ಬಣ್ಣದ ವಿಷಯವೂ ಇದೆ. ಆ ಮಿಲಿಟರಿ ಹಸಿರು ಸೈನ್ಯದ ವಾಹನಕ್ಕೆ ಮಾತ್ರ. ಖಾಸಗಿಯವರು ಬಳಿದುಕೊಂಡರೆ ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ತಪ್ಪಾಗುತ್ತೆ.

ಇಷ್ಟೆಲ್ಲ ನೋಡಿಕೊಂಡರೂ ಕಾಡಿನ ಮಧ್ಯೆ ಗಾಡಿ ನಿಂತರೆ ಇಳಿದು ಬಾನೆಟ್ ಎತ್ತೋಕೆ ಹೋಗಬೇಡಿ. ಆನೆ, ಹುಲಿ ಓಡಾಡುವ ಜಾಗ. ಇಂಡಿಕೇಟರ್ ಹಾಕಿ ಒಳಗೇ ಕೂತು, ಹೋಗಿಬರುವ ಗಾಡಿಯವರ ಕೈಲಿ ಚೆಕ್‌ಪೋಸ್ಟ್‌ಗೆ ಹೇಳಿ ಕಳಿಸಿ. ಡೌಟ್ ಇರುವ ಬ್ಯಾಟರಿಯನ್ನು ಹಿಂದಿನ ಸಾಯಂಕಾಲವೇ ಪೇಟೆಯಲ್ಲಿ ತೋರಿಸಿಬಿಟ್ಟರೆ ಇಷ್ಟು ದೂರ ಬರೋದೇ ಇಲ್ಲ.