ಕೆರೆಯ ನಡುಗಡ್ಡೆಗಳಲ್ಲಿ ಸ್ಥಳೀಯ ಮರಗಿಡಗಳು

ಬೊಮ್ಮಸಂದ್ರದ ಸುತ್ತಮುತ್ತ ಕೈಗಾರಿಕೆಗಳು ಬೆಳೆದಂತೆ ಆನೇಕಲ್ ತಾಲ್ಲೂಕಿನ ಅನೇಕ ಕೆರೆಗಳು ಹೂಳು ತುಂಬಿ ಬತ್ತಿದವು. ಇದೇ ತಾಲ್ಲೂಕಿನ ಕ್ಯಾಲಸನಹಳ್ಳಿಯಲ್ಲಿ 36 ಎಕರೆ ವಿಸ್ತಾರದ ಕೆರೆಯ ಹೂಳನ್ನು 2017ರಲ್ಲಿ ತೆಗೆಯಲಾಯಿತು. ಎಂಜಿನಿಯರ್ ಆನಂದ್ ಮಲ್ಲಿಗವಾಡ್ ಅವರ ಮುಂದಾಳತ್ವ, ಸನ್ಸೇರಾ ಕಂಪನಿಯ ಹಣದ ನೆರವು ಮತ್ತು ಊರವರ ಸಹಕಾರದಿಂದ ಈ ಕೆಲಸ ನಡೆಯಿತು. ತೆಗೆದ ಮಣ್ಣಿನಿಂದ ಕೆರೆಯೊಳಗೆ ಹಕ್ಕಿಗಳಿಗಾಗಿ ನಡುಗಡ್ಡೆಗಳನ್ನು ನಿರ್ಮಿಸಿ, ಸಸಿಗಳನ್ನು ನೆಡಲಾಯಿತು. ಇಂತಹ ಕೆಲಸ ಕೈಗೊಳ್ಳಬಯಸುವ ಗ್ರಾಮಗಳವರು ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

ಮಣ್ಣು: ಸುತ್ತಲೂ ನೀರಿದ್ದರೂ ನಡುಗಡ್ಡೆಯ ನೆತ್ತಿ ಒಣಭೂಮಿಯೇ ಸರಿ. ಹೂಳಿನ ಜೇಡಿ ಒಣಗಿದಾಗ ಬಿರುಕು ಬಿಟ್ಟು ಎಳೆಯ ಬೇರುಗಳು ಹರಿಯುತ್ತವೆ. ಆಳದ ಮಣ್ಣಿನಲ್ಲಿ ಸಾವಯವ ಅಂಶವೂ ಕಡಿಮೆ. ಆದುದರಿಂದ ಮೇಲ್ಪದರದ ಫಲವತ್ತಾದ ಹೂಳನ್ನು ಪ್ರತ್ಯೇಕವಾಗಿರಿಸಿ, ಕೊನೆಯಲ್ಲಿ ಮೇಲೆ ಹರಡಬೇಕು. ಇಳಿಜಾರು ಕೊಚ್ಚಿಹೋಗದಂತೆ ಅಂಚಿನಲ್ಲಿ ಲಾವಂಚದ ಹುಲ್ಲು ನೆಡಬೇಕು.

ಸಸಿಗಳ ಆಯ್ಕೆ: ನೀರಿನಂಚಿಗೆ ಹೊಳೆಮತ್ತಿ, ನೇರಳೆ, ಹೊಂಗೆ ಸೂಕ್ತ. ಇವು ಕೆಲಕಾಲ ಬುಡದಲ್ಲಿ ನೀರು ನಿಂತರೂ ತಾಳಿಕೊಳ್ಳುತ್ತವೆ. ಎತ್ತರದ ಭಾಗಕ್ಕೆ ಬೇವು, ಹಿಪ್ಪೆ, ಹುಣಸೆ ಒಳ್ಳೆಯವು. ಅತ್ತಿ, ಆಲಗಳ ಹಣ್ಣು ಹಕ್ಕಿಗಳಿಗೆ ಆಹಾರ.

ನೆಡುವ ಕ್ರಮ: ಬೇಸಿಗೆಯಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ತೆಗೆದು ಬಿಸಿಲಿಗೆ ಬಿಡಬೇಕು. ಮುಂಗಾರು ಹಿಡಿದ ಮೇಲೆ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಸಸಿ ನೆಡಬೇಕು. ಮಳೆ ನಿಲ್ಲುವ ಮುನ್ನ ಬುಡಕ್ಕೆ ಒಣಹುಲ್ಲು ಅಥವಾ ತರಗೆಲೆಯ ಹೊದಿಕೆ ಹಾಕಬೇಕು. ಲಂಟಾನ, ಪಾರ್ಥೇನಿಯಂ ಕಳೆಗಳನ್ನು ಹೂ ಬಿಡುವ ಮೊದಲೇ ಕೀಳಬೇಕು.

ಊರವರ ಪಾತ್ರ: ಮಳೆಗಾಲದಲ್ಲಿ ನೀರೇ ಸಸಿಗಳಿಗೆ ಬೇಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಆಡು, ಕುರಿ, ದನಗಳು ನಡೆದೇ ನಡುಗಡ್ಡೆ ತಲುಪುತ್ತವೆ. ಹಸಿರು ಮೇವು ಬೇರೆಲ್ಲೂ ಸಿಗದ ಆ ದಿನಗಳಲ್ಲಿ ಒಂದೇ ದಿನದ ಮೇಯಿಸುವಿಕೆಯಿಂದ ವರ್ಷದ ಶ್ರಮ ವ್ಯರ್ಥವಾದೀತು. ಕುರಿಗಾಹಿಗಳನ್ನು ಹೊರಗಿಟ್ಟು ಮಾಡಿದ ಕಟ್ಟುಪಾಡು ನಿಲ್ಲುವುದಿಲ್ಲ. ಅವರನ್ನೂ ಸಭೆಗೆ ಕರೆದು, ಮರಗಳು ದನಗಳ ಬಾಯಿಗೆ ಎಟುಕದಷ್ಟು ಬೆಳೆಯುವವರೆಗೆ ಮೇಯಿಸುವ ಬದಲು ಹುಲ್ಲು ಕೊಯ್ದು ಒಯ್ಯಲು ಅವಕಾಶ ಕೊಡಬೇಕು. ಸಸಿಗಳನ್ನು ಮನೆಗಳಿಗೆ ಹಂಚಿ, ಮೊದಲ ಎರಡು ಮೂರು ಬೇಸಿಗೆಗಳಲ್ಲಿ ನೀರುಣಿಸುವ ಸರದಿ ಗೊತ್ತುಮಾಡಬೇಕು. ಹೊಂಗೆ ಬೀಜ, ಹುಣಸೆಹಣ್ಣು ಯಾರಿಗೆ ಸೇರಬೇಕೆಂಬುದನ್ನು ಮೊದಲೇ ತೀರ್ಮಾನಿಸಿದರೆ ಮುಂದೆ ವ್ಯಾಜ್ಯಕ್ಕೆ ಎಡೆಯಿರದು.

ಕೆರೆ ಸಾರ್ವಜನಿಕ ಆಸ್ತಿಯಾದುದರಿಂದ ಕೆಲಸಕ್ಕೆ ಮೊದಲು ಗ್ರಾಮ ಪಂಚಾಯಿತಿ ಹಾಗೂ ಸಂಬಂಧಿಸಿದ ಇಲಾಖೆಯ ಅನುಮತಿ ಪಡೆಯುವುದು ಅಗತ್ಯ. ಒಣಗಿದ ಸಸಿಗಳನ್ನು ಬೇಸಿಗೆಯ ಕೊನೆಯಲ್ಲಿ ಎಣಿಸಿ, ಮರುವರ್ಷದ ಮುಂಗಾರಿನಲ್ಲಿ ಅವುಗಳ ಸ್ಥಾನದಲ್ಲಿ ಹೊಸ ಸಸಿಗಳನ್ನು ನೆಡಬೇಕು.